ದೊಡ್ಡಪ್ಪನ ಫ್ಲೈವೀಲ್

ಸೀಟಿನಲ್ಲಿ ಕೂತಿದ್ದೆ. ಸ್ಟೀರಿಂಗ್ ನನ್ನ ಕೈಯಲ್ಲೇ ಇತ್ತು. ಎಂಜಿನ್ ಓಡುತ್ತಿತ್ತು.

ಆದರೆ ಕಾರು ಎಲ್ಲಿಗೂ ಹೋಗುವಂತಿರಲಿಲ್ಲ!

ನೀವು ಡೈನೋ ನೋಡಿದ್ದೀರಾ? ನೋಡಿಲ್ಲದಿದ್ದರೆ ಹೇಳುತ್ತೇನೆ, ಕೇಳಿ. ನೆಲದಲ್ಲಿ ದಪ್ಪ ಉಕ್ಕಿನ ಉರುಳೆಗಳು. ಅವುಗಳ ಮೇಲೆ ಕಾರಿನ ಹಿಂದಿನ ಚಕ್ರಗಳು. ಕಾರು ಮುಂದಕ್ಕೆ ಜಿಗಿಯದಂತೆ ಎಲ್ಲ ಕಡೆಯಿಂದಲೂ ಪಟ್ಟಿ ಹಾಕಿ ನೆಲಕ್ಕೆ ಬಿಗಿದಿರುತ್ತಾರೆ. ಎಂಜಿನ್ನಿನ ತಾಕತ್ತು ಅಳೆಯುವ ಯಂತ್ರ ಅದು. ಚಕ್ರ ಗಿರಗಿರ ತಿರುಗುತ್ತದೆ. ಸ್ಪೀಡು ನೂರೈವತ್ತು ತೋರಿಸುತ್ತದೆ... ನೀವು ಮಾತ್ರ ಅದೇ ಗೋಡೆ ನೋಡುತ್ತ ಕೂತಿರುತ್ತೀರಿ.

ನಾನೂ ಗೋಡೆ ನೋಡುತ್ತಿದ್ದೆ.

ಭುಜದ ಮೇಲಿಂದ, ಸೊಂಟದಿಂದ ರೇಸಿನ ಬೆಲ್ಟು. ಅದರ ಬಕಲ್ಲಿಗೆ ಪ್ಲಾಸ್ಟಿಕ್ ಟೈ ಸುತ್ತಿ ಜಗ್ಗಿ ಎಳೆದಿದ್ದರು. ಕಾಲುಗಳನ್ನು ಸೀಟಿನ ಕಂಬಿಗೆ ಕಟ್ಟಿದ್ದರು. ಬ್ರೇಕ್, ಕ್ಲಚ್ ಯಾವುದೂ ಎಟುಕದು. ಕೀಲಿ ಇಲ್ಲ. ಹ್ಯಾಂಡ್‌ಬ್ರೇಕಿನ ಹಿಡಿಯನ್ನೇ ಬಿಚ್ಚಿಟ್ಟಿದ್ದರು. ಆಕ್ಸಿಲರೇಟರ್ ಕೆಲಸವೆಲ್ಲ ಹೊರಗೆ ಮೇಜಿನ ಮೇಲಿದ್ದ ಲ್ಯಾಪ್‌ಟಾಪಿನದು.

ಆ ಲ್ಯಾಪ್‌ಟಾಪಿನ ಮುಂದೆ ನಿಂತಿದ್ದವರು ನನ್ನ ಭಾವ!

ಹೌದು. ನನ್ನ ಒಡಹುಟ್ಟಿದ ಅಕ್ಕನ ಗಂಡ.

"ಸೆಕೆ ಆಗ್ತಿದ್ಯಾ ಮಗಳೇ? ಫ್ಯಾನ್ ಹಾಕ್ಸಲಾ?"

ಕಿಟಕಿಯ ಹತ್ತಿರ ಬಗ್ಗಿ ಕೇಳಿದವನು ದೊಡ್ಡಪ್ಪ. ನನ್ನ ದೊಡ್ಡಪ್ಪನಲ್ಲ. ಕಾರು ಹುಚ್ಚರಿಗೆಲ್ಲ ದೊಡ್ಡಪ್ಪ. ಬಿಳಿ ಕೂದಲು, ಇಸ್ತ್ರಿ ಮಾಡಿದ ಅಂಗಿ, ಹೆಗಲ ಮೇಲೆ ಕೈಹಾಕಿ ಮಾತಾಡುವ ಅಭ್ಯಾಸ. ಟರ್ಬೊ ಬೇಕೇ? ದೊಡ್ಡಪ್ಪ ತರಿಸಿಕೊಡುತ್ತಾನೆ. ಸಸ್ಪೆನ್ಶನ್ ಸದ್ದು ಮಾಡುತ್ತಿದೆಯೇ? ದೊಡ್ಡಪ್ಪ ಕಿವಿಗೊಟ್ಟು ಕೇಳಿ ಹೇಳುತ್ತಾನೆ. ಅವನ ಮಾತಿಗೆ ಎದುರಾಡುವವರು ನಮ್ಮಲ್ಲಿ ಯಾರೂ ಇರಲಿಲ್ಲ.

"ನನಗೆ ಮಾತು ಬೇಕು," ಅಂದೆ. "ಫ್ಯಾನ್ ಬೇಡ."

"ಕೇಳು."

"ಕಾಲು ಯಾಕೆ ಕಟ್ಟಿಸಿದ್ರಿ?"

ದೊಡ್ಡಪ್ಪ ನಕ್ಕ. ಭಾವನ ಕಡೆ ನೋಡಿದ. ಭಾವ ನೆಲ ನೋಡಿದರು.

ಇದೆಲ್ಲ ಹೇಗೆ ಶುರುವಾಯಿತು ಹೇಳುತ್ತೇನೆ.

ನನ್ನ ಕೆಲಸ ಬಿಡಿಭಾಗ ಪರೀಕ್ಷೆ. ಮೊದಲು ಇನ್ಶೂರೆನ್ಸ್ ಕಂಪನಿಗೆ ನುಜ್ಜುಗುಜ್ಜಾದ ಕಾರುಗಳನ್ನು ನೋಡಿ ವರದಿ ಬರೆಯುತ್ತಿದ್ದೆ. ಬೇಸರ ಬಂತು, ಬಿಟ್ಟೆ. ಈಗ ಯಾರಾದರೂ ಸೆಕೆಂಡ್‌ಹ್ಯಾಂಡ್ ಟರ್ಬೊ, ಗೇರ್‌ಬಾಕ್ಸು, ಬ್ರೇಕು ಕೊಳ್ಳುವ ಮುಂಚೆ ನನ್ನನ್ನು ಕರೆಯುತ್ತಾರೆ. ಅಸಲಿಯೋ ನಕಲಿಯೋ, ಕದ್ದದ್ದೋ ಸ್ವಂತದ್ದೋ... ನೋಡಿ ಹೇಳುತ್ತೇನೆ. ಅದಕ್ಕೇ ನನಗೆ 'ಎಕ್ಸ್‌ರೇ' ಅಂತ ಹೆಸರು.

ಒಂದು ದಿನ ಹಲ್ಲಿನ ಡಾಕ್ಟರ್ ಬಂದರು. ಊರುಗೋಲು ಊರಿಕೊಂಡು. ಎಡಗಾಲ ಪಾದ ಇರಲಿಲ್ಲ.

ರೇಸ್ ಟ್ರ್ಯಾಕಿನಲ್ಲಿ ಕಾರು ಓಡಿಸುವುದು ಅವರಿಗೆ ಪ್ರಾಣ. ವಾರವಿಡೀ ಬೇರೆಯವರ ಬಾಯಿ ನೋಡುವ ಮನುಷ್ಯ, ರಜೆಯ ದಿನ ರಸ್ತೆ ನೋಡುತ್ತಿದ್ದರು. ಎಂಜಿನ್ ಚುರುಕಾಗಲಿ ಎಂದು ಹಗುರ ಫ್ಲೈವೀಲ್ ಹಾಕಿಸಿದ್ದರು. ಎಂಜಿನ್ನಿನ ಬೆನ್ನಿಗೆ ಅಂಟಿಕೊಂಡು ಅದರ ಜೊತೆಗೇ ತಿರುಗುವ ತಟ್ಟೆಯಂಥ ಚಕ್ರ. ಸರಿಯಾಗಿ ಓಡಿಸುವವನ ಪಾದದ ಪಕ್ಕದಲ್ಲೇ ಇರುತ್ತದೆ. ಎಂಜಿನ್ ಏಳು ಸಾವಿರ ಸುತ್ತಿಗೆ ಏರಿದಾಗ ಅದು ಸಿಡಿಯಿತು. ಚೂರು ತಗಡು ಸೀಳಿಕೊಂಡು ಒಳಗೆ ಬಂತು.

"ಶೂ ಒಳಗಿಂದ ತೆಗೆದಿದ್ದು," ಅಂತ ಒಂದು ಚೂರನ್ನು ನನ್ನ ಮೇಜಿನ ಮೇಲಿಟ್ಟರು.

"ಯಾರ ಹತ್ರ ಕೊಂಡಿರಿ?"

"ದೊಡ್ಡಪ್ಪನ ಹತ್ರ. ಒಳ್ಳೇ ಕಂಪನಿ ಬಾಕ್ಸು, ಸೀಲು ಎಲ್ಲ ಇತ್ತು. ಈಗ ನಾನೇ ಸರಿಯಾಗಿ ಫಿಟ್ ಮಾಡಿಸಿಲ್ಲ ಅಂತ ಎಲ್ಲರಿಗೂ ಹೇಳ್ಕೊಂಡು ತಿರುಗ್ತಿದ್ದಾರೆ!"

ಚೂರನ್ನು ಗ್ರೈಂಡರಿಗೆ ಹಿಡಿದೆ. ಉಕ್ಕಾಗಿದ್ದರೆ ಬಿಳಿ ಕಿಡಿ ಉದ್ದಕ್ಕೆ ಹಾರಿ ಹೂವಿನಂತೆ ಒಡೆಯಬೇಕು. ಮಂಕು ಕೆಂಪು ಕಿಡಿ ಗಿಡ್ಡಗೆ ಹಾರಿ ಸತ್ತಿತು.

ಎರಕದ ಕಬ್ಬಿಣ! ಅಚ್ಚಿಗೆ ಹುಯ್ದು, ಕಡೆದು, ತೆಳ್ಳಗೆ ಮಾಡಿ ಉಕ್ಕಿನ ಬೆಲೆಗೆ ಮಾರಿದ್ದಾರೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಆದರೆ ಒಂದು ಚೂರು ಹಿಡಿದುಕೊಂಡು ದೊಡ್ಡಪ್ಪನ ಮೇಲೆ ಹೋಗಲಾಗದು. ಮಾರಲು ಇಟ್ಟ ಹೊಸದೊಂದು ಬೇಕಿತ್ತು.

ನಮ್ಮಲ್ಲಿ ಡಿಕ್ಕಿ ಸಂತೆ ಅಂತ ನಡೆಯುತ್ತದೆ. ದೊಡ್ಡ ಪಾರ್ಕಿಂಗ್ ಮೈದಾನದಲ್ಲಿ ಕಾರು ಹುಚ್ಚರೆಲ್ಲ ಸಾಲಾಗಿ ಕಾರು ನಿಲ್ಲಿಸಿ ಡಿಕ್ಕಿ ತೆರೆದಿಡುತ್ತಾರೆ. ಒಳಗೆ ಹಳೇ ಸೈಲೆನ್ಸರು, ಗೀಚಿದ ಅಲಾಯ್ ವೀಲು, ಹರಿದ ರೇಸ್ ಸೀಟು. ಒಬ್ಬನ ಕಸ ಇನ್ನೊಬ್ಬನ ಕನಸು!

"ಈ ಸ್ಪ್ರಿಂಗು ಎಷ್ಟು ಓಡಿದೆ?"

"ಒಂದೇ ಸೀಸನ್ ಅಣ್ಣ."

"ಒಂದೇ ಸೀಸನ್ನಿಗೆ ಇಷ್ಟು ತುಕ್ಕಾ? ಸಮುದ್ರದೊಳಗೆ ಓಡ್ಸಿದ್ಯಾ?"

ಇಂಥ ಮಾತುಗಳ ನಡುವೆ ನಡೆದು ದೊಡ್ಡಪ್ಪನ ಪಿಕಪ್ ಹತ್ತಿರ ಬಂದೆ. ಫ್ಲೈವೀಲ್ ಬಾಕ್ಸುಗಳ ರಾಶಿ. ಮಾರನೆಯ ದಿನ ಟ್ರ್ಯಾಕಿನಲ್ಲಿ ಎಲ್ಲರ ಕೂಟ ಇತ್ತು. ಎಷ್ಟೋ ಜನ ಆಗಲೇ ಹಾಕಿಸಿಕೊಂಡಿದ್ದರು. ಇನ್ನೆಷ್ಟೋ ಜನ ಡಾಕ್ಟರ ಸುದ್ದಿ ಕೇಳಿ ಅನುಮಾನದಲ್ಲಿದ್ದರು.

ಒಂದನ್ನು ಹೊರತೆಗೆದು ಸ್ಪ್ಯಾನರಿನಿಂದ ಬಡಿದೆ.

ಠಣ್ ಅನ್ನಬೇಕಿತ್ತು. ಡಬ್ ಅಂದಿತು.

ಅದನ್ನು ಕಂಕುಳಿಗೆ ಸಿಕ್ಕಿಸಿಕೊಂಡು ತಿರುಗಿದೆ. ಎದುರಿಗೆ ಸೈಲೆನ್ಸರ್!

ಸೈಲೆನ್ಸರ್ ದೊಡ್ಡಪ್ಪನ ಬಂಟ. ಆಳು ಬಾಗಿಲಿನಷ್ಟು ಅಗಲ. ಬಾಯಿ ಬಿಟ್ಟು ಮಾತಾಡಿದ್ದನ್ನು ಯಾರೂ ಕೇಳಿಲ್ಲ, ಅದಕ್ಕೇ ಆ ಹೆಸರು. ಕೈ ಚಾಚಿದ. ಕೊಡು ಅಂತ.

"ತಗೋ!" ಅಂದೆ. ಸ್ಪ್ಯಾನರ್ ಕೊಟ್ಟೆ. ಮಂಡಿಚಿಪ್ಪಿಗೆ!

ಓಡಿದೆ. ನನ್ನ ಹಳೇ ಕಾರಿಗೆ ಹಾರಿದೆ. ಗೇಟು ದಾಟುವಷ್ಟರಲ್ಲಿ ಕನ್ನಡಿಯಲ್ಲಿ ಪಿಕಪ್ ಕಂಡಿತು.

ಗೋದಾಮುಗಳ ರಸ್ತೆ. ಎರಡೂ ಬದಿ ಲಾರಿಗಳು. ಎಡಕ್ಕೆ ಎಳೆದೆ... ಬಲಕ್ಕೆ ಎಳೆದೆ... ಪಿಕಪ್ ಬಾಲದಂತೆ ಹಿಂದೆಯೇ! ಧಡ್! ಹಿಂದಿನ ಬಂಪರ್ ಕಳಚಿ ರಸ್ತೆಗೆ ಬಿತ್ತು. ಮತ್ತೊಂದು ಗುದ್ದು. ಡಿಕ್ಕಿಯ ಬಾಗಿಲು ಎದ್ದು ನಿಂತಿತು. ಹಿಂದೇನೂ ಕಾಣದು. ಎದುರಿಗೆ ಗೇಟು ಹಾಕಿದ ಕಾರ್ಖಾನೆ!

ಪಕ್ಕದಲ್ಲೊಂದು ಓಣಿ. ನನಗೆ ಚೆನ್ನಾಗಿ ಗೊತ್ತಿದ್ದ ಓಣಿ. ಲೇಥ್ ಅಂಗಡಿಗಳ ಓಣಿ. ಕೊನೆಯದು ಭಾವನದು.

ಕಾರು ಬಿಟ್ಟು ಓಡಿದೆ. ಫ್ಲೈವೀಲ್ ಎದೆಗೆ ಅವುಚಿಕೊಂಡು.

"ಭಾವ! ಶಟರ್ ಎಳೀರಿ! ಬೇಗ!"

ಭಾವ ಏನೂ ಕೇಳಲಿಲ್ಲ. ಎಳೆದರು. ಧಡಧಡ ಸದ್ದು. ಒಳಗೆ ಕತ್ತಲು, ಎಣ್ಣೆ ವಾಸನೆ. ಉಸಿರು ಬಿಟ್ಟೆ. ಜೀವ ಉಳಿಯಿತು ಅಂದುಕೊಂಡೆ.

ದೀಪ ಹಾಕಿದರು.

ನೆಲದ ತುಂಬ ಕಪ್ಪು ಪುಡಿ. ಉಕ್ಕು ಕಡೆದರೆ ಸುರುಳಿ ಸುರುಳಿಯಾಗಿ ಬರುತ್ತದೆ. ಎರಕ ಕಡೆದರೆ ಪುಡಿ ಉದುರುತ್ತದೆ. ಲೇಥಿನ ಬಾಯಲ್ಲಿ ಅರ್ಧ ಕಡೆದ ಒಂದು ಚಕ್ರ. ಪಕ್ಕದಲ್ಲಿ ಅಂಥವೇ ಒಂದರ ಮೇಲೊಂದು. ನಾನು ಎದೆಗೆ ಒತ್ತಿಕೊಂಡಿದ್ದರ ತಮ್ಮಂದಿರು!

"ಭಾವ... ಏನಿದು?"

ಅವರು ಲೇಥಿಗೆ ಅಡ್ಡ ಬಂದು ನಿಂತರು. "ಯಾಕಮ್ಮ ಇಲ್ಲಿಗೆ ಬಂದೆ? ಬೇರೆಲ್ಲಾದ್ರೂ ಓಡಬಾರದಿತ್ತಾ?"

"ಡಾಕ್ಟರ ಕಾಲು ಹೋಗಿದ್ದು ಗೊತ್ತಾ ನಿಮಗೆ?"

"ಆಮೇಲೆ ಗೊತ್ತಾಯ್ತು. ಕಾರು ಶೋಗೆ ಇಡೋದಕ್ಕೆ ಅಂತ ಮಾಡಿಸ್ಕೊಂಡ್ರು ದೊಡ್ಡಪ್ಪ. ಓಡೋ ಕಾರಿಗಲ್ಲ ಅಂದಿದ್ರು. ಈಗ ಬಿಡ್ತೀನಿ ಅಂದ್ರೆ, ಕಡೆದ ಕೈ ನಿಂದು, ಜೈಲಿಗೆ ಹೋಗೋದು ನೀನು ಅಂತಾರೆ..."

"ಅಕ್ಕಂಗೆ ಗೊತ್ತಾ?"

ಹೊರಗಿನಿಂದ ಯಾರೋ ಶಟರಿಗೆ ಬಡಿದರು. ನಿಧಾನವಾಗಿ.

"ತೆಗೀಬೇಡಿ ಭಾವ!"

ಭಾವ ಎತ್ತಿದರು!

ಹೊರಗಿದ್ದ ದೊಡ್ಡಪ್ಪ, ಸೈಲೆನ್ಸರ್ ಇಬ್ಬರೂ ಸೇರಿ ಪಿಕಪ್ಪಿನ ಹಿಂಭಾಗದಲ್ಲಿ ತಾಡಪಾಲಿನ ಕೆಳಗೆ ಮಲಗಿಸಿ ನನ್ನನ್ನು ತಂದರು. ತಾಡಪಾಲು ಸರಿಸಿದಾಗ ಡೈನೋ ಶೆಡ್ಡು. ಗೋಡೆಯ ಮೇಲೆ ದೊಡ್ಡಪ್ಪನ ಟ್ರೋಫಿಗಳು, ಅವುಗಳ ಕೆಳಗೆ ಅವನ ಕೆಂಪು ಕಾರು. ಅವನು ಅದನ್ನು ಮೆರವಣಿಗೆಗೆ ಮಾತ್ರ ಓಡಿಸುತ್ತಾನೆ. ಅದರ ಒಳಗೂ ಅದೇ ಎರಕದ ಚಕ್ರ ಇದೆ ಅಂತ ದೊಡ್ಡಪ್ಪನೇ ಹೇಳಿದ.

ಅದರ ಸೀಟಿಗೇ ನನ್ನನ್ನು ಕಟ್ಟಿದ್ದರು.

"ಏನಾಗ್ಬೇಕು ನಿಮಗೆ?" ಅಂದೆ.

"ಒಂದೇ ಮಾತು ಮಗಳೇ," ಅಂದ ದೊಡ್ಡಪ್ಪ. "ಈಗ ನಮ್ಮ ಕಾರಿನವರ ಗ್ರೂಪಲ್ಲಿ ಲೈವ್ ಹೋಗ್ತೀವಿ. ಎಕ್ಸ್‌ರೇ ಟೆಸ್ಟ್ ಮಾಡಿ ಹೇಳ್ತಾಳೆ ಅಂತ ಎಲ್ಲರಿಗೂ ತಿಳಿಸಿದೀನಿ. ನೀನು ಕ್ಯಾಮೆರಾ ನೋಡಿ, ಇದು ಅಸಲಿ ಅನ್ನು. ಅಷ್ಟೇ."

"ಅನ್ನಲ್ಲ ಅಂದ್ರೆ?"

"ನಿನ್ನ ಭಾವ ಬಟನ್ ಒತ್ತುತ್ತಾನೆ. ಏಳು ಸಾವಿರ. ಟೆಸ್ಟ್ ಮಾಡೋವಾಗ ಹುಡುಗಿ ಏನೋ ಎಡವಟ್ಟು ಮಾಡ್ಕೊಂಡ್ಳು ಅಂತೀನಿ. ಎಲ್ಲರ ಮುಂದೆ ಅಳ್ತೀನಿ. ನನಗೆ ಅಳು ಚೆನ್ನಾಗಿ ಬರುತ್ತೆ."

"ಅಸಲಿ ಅಂದ್ರೆ ಬಿಡ್ತೀರಾ?"

"ಬಿಡದೆ ಏನು? ನೀನು ಮನೆ ಮಗಳು!"

ಸುಳ್ಳು. ಬಿಡುವವನು ಕಾಲು ಕಟ್ಟಿಸುತ್ತಿರಲಿಲ್ಲ. ನಾನು ಅಸಲಿ ಅಂದ ಮೇಲೆ ಬದುಕಿದ್ದರೆ ಯಾವತ್ತಾದರೂ ನಕಲಿ ಅನ್ನಬಹುದು. ಸತ್ತರೆ ಆ ಭಯವೂ ಇಲ್ಲ. ಕಿರುಚಿ ಹೇಳಿದರೂ ಅಷ್ಟೇ, ಲೈವ್ ಕಟ್ ಮಾಡಿ ಬಟನ್ ಒತ್ತಿಸುತ್ತಾನೆ. ಅತ್ತ ದರಿ, ಇತ್ತ ಪುಲಿ.

ದೊಡ್ಡಪ್ಪ ಕಾಲರ್ ಸರಿಮಾಡಿಕೊಳ್ಳಲು ಕನ್ನಡಿಯ ಕಡೆ ಹೋದ. ನಾನು ಪಿಸುಗುಟ್ಟಿದೆ.

"ಭಾವ. ಕಾಲು ಕಟ್ಟಿದ್ದು ಯಾಕೆ ಅಂತ ಯೋಚ್ನೆ ಮಾಡಿದ್ರಾ?"

"ಮಾತಾಡ್ಬೇಡಮ್ಮ. ಹೇಳು ಅಂದಿದ್ದನ್ನ ಹೇಳ್ಬಿಡು. ಮನೆಗೆ ಹೋಗೋಣ."

"ನಾನು ಮನೆಗೆ ಹೋಗಲ್ಲ ಭಾವ. ನೀವೊಬ್ರೇ ಹೋಗ್ತೀರಿ. ಅಕ್ಕ ಕೇಳ್ತಾಳೆ, ಎಲ್ಲಿ ನನ್ನ ತಂಗಿ ಅಂತ. ಉತ್ತರ ಈಗಲೇ ಹುಡುಕಿಟ್ಕೊಳ್ಳಿ."

ಅವರು ಲ್ಯಾಪ್‌ಟಾಪಿನ ಕಡೆ ಮುಖ ತಿರುಗಿಸಿದರು. ಅಷ್ಟೇ.

ಸೈಲೆನ್ಸರ್ ಕುಂಟುತ್ತ ಬಂದು ಫೋನ್ ಎತ್ತಿ ಹಿಡಿದ. ಲೈವ್ ಶುರು!

ಏನು ವಿಚಿತ್ರ ನೋಡಿ. ನೂರಾರು ಜನ ನನ್ನನ್ನೇ ನೋಡುತ್ತಿದ್ದರು. ಬೆಲ್ಟ್ ಬಿಗಿದುಕೊಂಡು ಡೈನೋ ಮೇಲೆ ಕೂತ ಹೆಂಗಸು. ಅದರಲ್ಲಿ ಯಾರಿಗೆ ಏನು ಅನುಮಾನ ಬರಬೇಕು? ಕಟ್ಟಿದ ಕಾಲು, ಟೈ ಹಾಕಿದ ಬಕಲ್ಲು ಕ್ಯಾಮೆರಾದ ಕಣ್ಣಿಗೆ ಬೀಳದು. ಸಂತೆಯ ನಡುವೆ ನಿಂತು ಬಾವಿಯೊಳಗೆ ಇದ್ದಂತೆ!

"ಎಲ್ಲರಿಗೂ ನಮಸ್ಕಾರ," ಅಂದ ದೊಡ್ಡಪ್ಪ. "ಒಂದು ಆಕ್ಸಿಡೆಂಟ್ ಆಯ್ತು. ಏನೇನೋ ಮಾತು ಬಂತು. ನನಗೆ ಹೆಸರಿಗಿಂತ ನಿಮ್ಮ ಪ್ರಾಣ ದೊಡ್ಡದು. ಅದಕ್ಕೇ ನಮ್ಮ ಎಕ್ಸ್‌ರೇನ ಕರೆಸಿದೀನಿ. ಹೇಳು ಮಗಳೇ."

ಕ್ಯಾಮೆರಾ ನೋಡಿದೆ.

"ಈ ಫ್ಲೈವೀಲ್ ನಾನು ನೋಡಿದೆ," ಅಂದೆ. "ಅಸಲಿ."

ದೊಡ್ಡಪ್ಪನ ಮುಖ ಅರಳಿತು. ಫೋನಿನಲ್ಲಿ ಕಾಮೆಂಟುಗಳು ಸುರಿಯತೊಡಗಿದವು. ಅವನು ಒಂದೊಂದೇ ಓದಿ ಹೇಳಿದ. ಜೈ ದೊಡ್ಡಪ್ಪ. ನಾಳೆ ನಂದೂ ಫಿಟ್ ಮಾಡಿಕೊಡಿ. ನಮಗೆ ಮೊದಲೇ ಗೊತ್ತಿತ್ತು... ಆಮೇಲೆ ಸುಮ್ಮನಾದ.

"ಓದಿ ದೊಡ್ಡಪ್ಪ. ಯಾರದು?" ಅಂದೆ.

"ಡಾಕ್ಟರದು." ಗಂಟಲು ಸರಿಮಾಡಿಕೊಂಡ. ಓದದೆ ವಿಧಿಯಿರಲಿಲ್ಲ, ಎಲ್ಲರಿಗೂ ಕಾಣುತ್ತಿತ್ತಲ್ಲ! "ನಿನ್ನನ್ನೂ ಕೊಂಡುಕೊಂಡರಾ ಎಕ್ಸ್‌ರೇ? ಅಸಲಿಯಾದರೆ ಏಳು ಸಾವಿರ ತೋರಿಸಿ ನೋಡೋಣ."

ಎದೆಗೆ ಚುಚ್ಚಿತು. ಆದರೆ ಬಾವಿಗೆ ಹಗ್ಗ ಇಳಿಬಿಟ್ಟವರೂ ಅವರೇ!

"ತೋರಿಸ್ತೀವಿ ಡಾಕ್ಟ್ರೇ," ಅಂದೆ ಜೋರಾಗಿ. "ನಾನೊಬ್ಬಳೇ ಅಲ್ಲ. ದೊಡ್ಡಪ್ಪನೂ ನನ್ನ ಪಕ್ಕ ಕೂತ್ಕೊಂಡು ತೋರಿಸ್ತಾರೆ! ತಾನು ಮಾರೋ ಮಾಲಿನ ಮೇಲೆ ತಾನೇ ಕೂರೋ ಮನುಷ್ಯ ಅವರು. ಏನಂತೀರಿ ಎಲ್ಲರೂ?"

ಪರದೆ ಉಕ್ಕಿತು. ದೊಡ್ಡಪ್ಪ! ದೊಡ್ಡಪ್ಪ! ಕೂತ್ಕೊಳ್ಳಿ ದೊಡ್ಡಪ್ಪ!

ಅವನ ನಗು ಮುಖದ ಮೇಲೆ ಹಾಗೇ ಒಣಗಿ ನಿಂತಿತು. ಒಂದು ಕ್ಷಣ ನನ್ನನ್ನು ನೋಡಿದ. ಆಮೇಲೆ ಭಾವನ ಹತ್ತಿರ ಹೋಗಿ ಕಿವಿಯಲ್ಲಿ ಏನೋ ಹೇಳಿದ. ನನಗೆ ತುಟಿ ಓದಲು ಬರುತ್ತದೆ. 'ಮೂರು ಸಾವಿರ ದಾಟಬೇಡ.'

ಬಂದು ಕೂತ. ಬಾಗಿಲು ಹಾಕಿಕೊಂಡ.

"ಬೆಲ್ಟು ದೊಡ್ಡಪ್ಪ," ಅಂದೆ. ಕೈ ಚಾಚಿ ನಾನೇ ಹಾಕಿದೆ. ಕ್ಲಿಕ್!

"ಜಾಣೆ," ಅಂದ ಹಲ್ಲು ಕಚ್ಚಿ. "ಲೈವ್ ಮುಗೀಲಿ. ಇದೆ ನಿನಗೆ."

"ಭಾವ," ಅಂದೆ. "ಶುರು ಮಾಡಿ. ಏಳು ಸಾವಿರ ಕೇಳ್ತಿದ್ದಾರೆ."

ಗಾಜಿನಾಚೆ ಭಾವ. ಎಣ್ಣೆ ಹಿಡಿದ ಬೆರಳುಗಳು. ನಮ್ಮಕ್ಕನನ್ನು ಮದುವೆಯಾಗುವ ಮುಂಚೆಯೂ ಅವರು ಹೀಗೇ ನಿಲ್ಲುತ್ತಿದ್ದರು, ಯಾರಾದರೂ ಹೇಳಲಿ ಅಂತ ಕಾಯುತ್ತ. ಇಡೀ ಜೀವನ ಬೇರೆಯವರು ಹೇಳಿದ್ದನ್ನೇ ಮಾಡಿದ ಮನುಷ್ಯ. ಈಗ ಇಬ್ಬರು ಹೇಳಿದ್ದೆವು. ಯಾರ ಮಾತು ಕೇಳುತ್ತಾರೆ?

ಎಂಜಿನ್ನಿನ ಸುತ್ತು ತೋರಿಸುವ ಮುಳ್ಳು ಎದ್ದಿತು. ಎರಡು ಸಾವಿರ. ಉರುಳೆಗಳು ಗುಂಯ್‌ಗುಟ್ಟಿದವು. ಮೂರು ಸಾವಿರ.

ಅಲ್ಲೇ ನಿಂತಿತು.

ದೊಡ್ಡಪ್ಪ ಉಸಿರುಬಿಟ್ಟ. ಕ್ಯಾಮೆರಾಕ್ಕೆ ಕೈಬೀಸಿದ. ಮುಗಿಯಿತು ನನ್ನ ಕತೆ...

ಭಾವ ತಲೆ ಎತ್ತಿದರು. ನನ್ನನ್ನು ನೋಡಿದರು. ಕಣ್ಣಲ್ಲಿ ನೀರಿತ್ತು.

ನಾಲ್ಕು ಸಾವಿರ!

"ಏಯ್!" ದೊಡ್ಡಪ್ಪ ಮುಂದಕ್ಕೆ ಬಾಗಿದ. ಬೆಲ್ಟು ಹಿಂದಕ್ಕೆ ಎಳೆಯಿತು. "ಏನ್ ಮಾಡ್ತಿದೀಯೋ!"

ನಾಲ್ಕೂವರೆ. ನೆಲ ನಡುಗಿತು. ಬಿಗಿದ ಪಟ್ಟಿಗಳು ಕಿರುಗುಟ್ಟಿದವು. ನನ್ನ ಅಂಗಾಲಿನ ಪಕ್ಕದಲ್ಲಿ, ಒಂದು ತೆಳು ತಗಡಿನ ಆಚೆ, ಆ ಚಕ್ರ ಸುತ್ತುತ್ತಿತ್ತು. ಕಾಲು ಎಳೆದುಕೊಳ್ಳಲು ನೋಡಿದೆ. ಟೈ ಚರ್ಮಕ್ಕೆ ಇಳಿಯಿತು. ಹೆದರಿಕೆ ಆಗಲಿಲ್ಲವೇ ಅನ್ನುತ್ತೀರಾ? ನಾಲಿಗೆ ಒಣಗಿ ಅಂಗುಳಿಗೆ ಅಂಟಿತ್ತು ಸ್ವಾಮೀ!

ಐದು ಸಾವಿರ!

"ನಿಲ್ಸೋ! ನಿಲ್ಸೋ!" ದೊಡ್ಡಪ್ಪ ಬಕಲ್ ತಡಕಾಡಿದ. ನನ್ನ ಕೈ ಅದರ ಮೇಲೆ ಭದ್ರವಾಗಿ ಕೂತಿತ್ತು.

"ಯಾಕೆ ದೊಡ್ಡಪ್ಪ? ಅಸಲಿ ಅಲ್ವಾ?"

"ಬಿಡೇ! ಸಾಯ್ತೀವಿ ಕಣೇ ಇಬ್ರೂ!"

"ಅಸಲಿ ಅಲ್ವಾ?"

"ಅಲ್ಲ! ಎರಕ ಅದು! ಅಷ್ಟೂ ಎರಕ! ಒಡೆದು ಹೋಗುತ್ತೆ! ನಿಲ್ಸೋ ನಿನ್ನ ಕಾಲಿಗೆ ಬೀಳ್ತೀನಿ!"

ಭಾವ ಬಟನ್ ಬಿಟ್ಟರು. ಮುಳ್ಳು ಇಳಿಯತೊಡಗಿತು. ನಾಲ್ಕೂವರೆ... ನಾಲ್ಕು...

ಢಮಾರ್!

ನಮ್ಮಿಬ್ಬರ ನಡುವೆ ನೆಲ ಹರಿದು ಏನೋ ಮೇಲೆ ಹಾರಿತು. ಗೇರ್ ಲಿವರ್ ಇದ್ದ ಜಾಗದಲ್ಲಿ ತೂತು. ತಲೆಯ ಮೇಲೆ ತಗಡಿನಲ್ಲಿ ಇನ್ನೊಂದು ತೂತು, ಅದರಿಂದ ಬೆಳಕಿನ ಕಂಬಿ ಒಳಗಿಳಿದಿತ್ತು. ಹೊಗೆ. ಸುಟ್ಟ ವಾಸನೆ.

ಕಾಲ್ಬೆರಳು ಆಡಿಸಿದೆ. ಆಡಿದವು. ಇನ್ನೊಂದು ಕಾಲಿನವೂ ಆಡಿದವು.

ಸೈಲೆನ್ಸರ್ ಫೋನ್ ಹಿಡಿದುಕೊಂಡು ಹಾಗೇ ನಿಂತಿದ್ದ. ಲೈವ್ ಇನ್ನೂ ಓಡುತ್ತಿತ್ತು. ಅವನು ಬಾಯಿ ತೆರೆದ. ಸಣ್ಣ ದನಿ, ಮಕ್ಕಳ ಹಾಗೆ.

"ದೊಡ್ಡಪ್ಪ... ನನ್ನ ಕಾರಿಗೂ ಇದನ್ನೇ ಹಾಕ್ಸಿದೀಯಲ್ಲ... ದಿನಾ ಹೆಂಡ್ತೀನ ಅದರಲ್ಲೇ ಕೆಲಸಕ್ಕೆ ಬಿಡ್ತೀನಿ..."

ನಾನು ದೊಡ್ಡಪ್ಪನ ಬಕಲ್ಲಿನಿಂದ ಕೈ ತೆಗೆದಿದ್ದೆ. ಅವನದಕ್ಕೆ ಟೈ ಇರಲಿಲ್ಲ, ಬೆರಳಲ್ಲಿ ಒತ್ತಿದರೆ ಸಾಕು. ಆದರೆ ಅವನು ಗುಂಡಿ ಬಿಟ್ಟು ಬೆಲ್ಟನ್ನೇ ಜಗ್ಗುತ್ತಿದ್ದ. ಅಳುತ್ತಿದ್ದ. ಹೇಳಿದ್ದನಲ್ಲ, ಅಳು ಚೆನ್ನಾಗಿ ಬರುತ್ತದೆ ಅಂತ... ಚೆನ್ನಾಗೆಲ್ಲಿ, ಕಣ್ಣಿಗಿಂತ ಮೂಗಿನಿಂದಲೇ ಜಾಸ್ತಿ ಬರುತ್ತಿತ್ತು.

ಭಾವ ಬಂದು ಇಕ್ಕಳದಿಂದ ನನ್ನ ಟೈಗಳನ್ನು ಕತ್ತರಿಸಿದರು.

ಪೊಲೀಸರಿಗಿಂತ ಮುಂಚೆ ಕಾರು ಹುಚ್ಚರು ಬಂದರು. ಶೆಡ್ಡಿನ ಮುಂದೆ ಕಾರುಗಳ ಸಂತೆ. ಮಾರನೆಯ ದಿನದ ಕೂಟ ರದ್ದಾಯಿತು. ಎಲ್ಲರೂ ಗೇರ್‌ಬಾಕ್ಸ್ ಇಳಿಸಿ ಫ್ಲೈವೀಲ್ ಬಿಚ್ಚಿ ತಂದು ಠಾಣೆಯ ಅಂಗಳದಲ್ಲಿ ಸುರಿದರು. ಡಾಕ್ಟರ್ ನನಗೆ ಫೋನ್ ಮಾಡಿದರು.

"ಕ್ಷಮಿಸಮ್ಮ. ನಿನ್ನ ಬಗ್ಗೆ ತಪ್ಪು ತಿಳ್ಕೊಂಡೆ."

"ನೀವು ಹಾಗೆ ತಿಳ್ಕೊಳ್ಳದಿದ್ರೆ ನಾನಿರ್ತಿರಲಿಲ್ಲ ಡಾಕ್ಟ್ರೇ. ಹೇಗಿದ್ದೀರಿ?"

"ಆಟೋಮ್ಯಾಟಿಕ್ ಕಾರು ನೋಡ್ತಿದೀನಿ," ಅಂದರು. "ಅದಕ್ಕೆ ಎಡಗಾಲು ಬೇಡವಂತೆ."

ಭಾವ ಓಡಿಹೋಗಲಿಲ್ಲ. ಪೊಲೀಸರು ಕೇಳುವ ಮುಂಚೆಯೇ ಕೈ ಚಾಚಿದರು. ಎಲ್ಲ ಹೇಳಿದರು. ದೊಡ್ಡಪ್ಪನ ಜೊತೆ ಅವರೂ ಒಳಗೆ ಹೋದರು. ಸಾಕ್ಷಿ ಹೇಳಿದವಳು ನಾನು. ಸಿಡಿಯುವ ಮುಂಚೆ ಬಟನ್ ಬಿಟ್ಟದ್ದು ಅವರೇ ಅಂತಲೂ ಹೇಳಿದೆ. ಶಟರ್ ಎತ್ತಿದ್ದು ಅವರೇ ಅಂತಲೂ ಹೇಳಿದೆ. ಎರಡೂ ನಿಜ.

ಅಕ್ಕ ಅತ್ತಳಾ, ಬೈದಳಾ... ನನಗೆ ಗೊತ್ತಿಲ್ಲ. ಬಹಳ ದಿನ ಅವಳಿಂದ ಸುದ್ದಿಯೇ ಇರಲಿಲ್ಲ. ಕೊನೆಗೊಂದು ಫೋನ್ ಬಂತು.

"ಊಟಕ್ಕೆ ಬಾ."

"ಅಕ್ಕ, ನಾನು..."

"ಮಾತು ಬೇಡ. ಊಟಕ್ಕೆ ಬಾ ಅಂದೆ. ಅಷ್ಟೇ."

ಡೈನೋದಿಂದ ಇಳಿದವಳಿಗೆ ಆ ಬಾಗಿಲ ಗಂಟೆ ಒತ್ತಲು ಧೈರ್ಯ ಬರಲಿಲ್ಲ. ನಿಂತೇ ಇದ್ದೆ. ಅವಳೇ ತೆಗೆದಳು. ತಟ್ಟೆ ಇಟ್ಟಳು, ಬಡಿಸಿದಳು, ಎದುರಿಗೆ ಕೂತಳು. ಭಾವನ ಕುರ್ಚಿಯನ್ನು ಗೋಡೆಗೆ ಒರಗಿಸಿದ್ದಳು. ನನ್ನ ಕಣಕಾಲಿನ ಮೇಲಿನ ಗಾಯದ ಗೆರೆಯನ್ನೇ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ತುತ್ತು ಬಾಯಿಗಿಟ್ಟೆ.

ಯಾವುದಕ್ಕೂ ಉಪ್ಪು ಹಾಕಿರಲಿಲ್ಲ! ಅಕ್ಕ ಉಪ್ಪು ಮರೆಯುವವಳಲ್ಲ.

ಎರಡನೇ ಸಲವೂ ಬಡಿಸಿಕೊಂಡು ತಿಂದೆ.